ಶಾಂತ ಹುಳುಮನೆಯ ಹೊಸಿಲು ದಾಟಿದ ದಿನ

ಅದು ೨೦೦೫ನೇ ಇಸವಿ. ಬೋರ್‌ವೆಲ್ ಲಾರಿ ಕೆಲಸಕ್ಕೆಂದು ಆಫ್ರಿಕಾಕ್ಕೆ ಹೋಗಿದ್ದ ನನ್ನ ಮೈದುನ ನಮ್ಮೂರು ಹುತ್ತೂರಿಗೆ ವಾಪಸ್ ಬಂದು ವರ್ಷವಾಗಿತ್ತು. ಜ್ವರ ಬಿಡಲೇ ಇಲ್ಲ. ಬೆಂಗಳೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಎಚ್‌ಐವಿ. ಅವನ ಹೆಂಡತಿ, ನನ್ನ ವಾರಗಿತ್ತಿ ಶಾಂತಳಿಗೂ ಇತ್ತು.

"ಗಂಡ ಇಲ್ದಾಗ ತವರಲ್ಲಿ ಕೂತಿದ್ಲಲ್ಲ, ಇವಳೇ ತಂದಿದ್ದು" ಎಂದು ನಮ್ಮತ್ತೆ ಬೀದಿಗೆಲ್ಲ ಕೇಳುವಂತೆ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಸಲ ಅವರಿಬ್ಬರ ಜೊತೆ ಅತ್ತೆಯನ್ನೂ ಆಸ್ಪತ್ರೆಗೆ ಎಳೆದುಕೊಂಡೇ ಹೋದೆ.

ಇಬ್ಬರ ರಕ್ತವೂ ಹೆಚ್ಚಿನ ಪರೀಕ್ಷೆಗೆ ಹೋಗಿತ್ತು. ಡಾಕ್ಟರು ಹೇಳಿದರು: "ಈ ವೈರಸ್‌ನಲ್ಲಿ ಬೇರೆ ಬೇರೆ ತಳಿ ಇದಾವಮ್ಮ. ಇವರಿಬ್ಬರಲ್ಲೂ ಇರೋದು ನಮ್ಮ ಕಡೆ ಹೆಚ್ಚಾಗಿ ಸಿಗೋದಲ್ಲ, ಹೊರದೇಶದ್ದು. ಜನ ವಿಮಾನ ಹತ್ತಿ ಓಡಾಡಿದ ಹಾಗೆ ಅದೂ ದೇಶ ಸುತ್ತುತ್ತೆ. ಹಾಗಂತ ಯಾರನ್ನ ಬೈಯೋಣ ಅಂತ ಹುಡುಕೋ ಪರೀಕ್ಷೆ ಅಲ್ಲ ಇದು. ಮುಟ್ಟಿದ್ರೆ, ಜೊತೇಲಿ ಕೆಲಸ ಮಾಡಿದ್ರೆ ಬರಲ್ಲ. ಮಾತ್ರೆ ತಗೊಳ್ಲಿ, ದುಡೀಲಿ."

ಮೈದುನ ತಲೆ ತಗ್ಗಿಸಿದ.

ಊರಿಗೆ ಬಂದ ಮೇಲೆ ಹೊಸ ತಗಾದೆ. ನಮ್ಮದು ರೇಷ್ಮೆ ಸಾಕುವ ಮನೆ. ಕಾಲು ತೊಳೆಯದೆ ಯಾರೂ ಹುಳುಮನೆಗೆ ಹೋಗುವಂತಿಲ್ಲ. ಒಂದು ಹುಳುವಿಗೆ ರೋಗ ಬಂದರೆ ತಟ್ಟೆಗಳಲ್ಲಿನ ಹುಳುವೆಲ್ಲ ಹೋದಂತೆಯೇ. "ಶಾಂತ ಒಳಕ್ಕೆ ಕಾಲಿಡಂಗಿಲ್ಲ. ಹುಳಕ್ಕೆ ಅಂಟುತ್ತೆ" ಎಂದುಬಿಟ್ಟರು ಅತ್ತೆ. ಹುಳು ನೋಡುವುದರಲ್ಲಿ ಅವಳಷ್ಟು ಚುರುಕು ಮನೆಯಲ್ಲಿ ಯಾರೂ ಇರಲಿಲ್ಲ. ಆ ಕೆಲಸವೂ ಹೋದರೆ ತನಗಿಲ್ಲಿ ಜಾಗವಿಲ್ಲವೆಂದು ಅವಳು ಬಟ್ಟೆ ಗಂಟು ಕಟ್ಟಿಟ್ಟಳು.

ಹುಳು ಮೇವು ಬಿಟ್ಟು ಹಣ್ಣಾದವು. ಅವತ್ತೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡವಾದರೆ ಬೆಳೆ ಹಾಳು. ನಾನು ಶಾಂತಳ ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ. ಕೂಲಿ ಹೆಂಗಸರು ಬಾಗಿಲಲ್ಲೇ ನಿಂತರು. "ಇವಳಿದ್ರೆ ನಾವು ಬರಲ್ಲಮ್ಮ."

"ಬರ್ಬೇಡಿ, ಹೋಗಿ" ಅಂದೆ. "ಲೇ ಶಾಂತಾ, ಕೂತ್ಕೊಳ್ಳೇ. ಬೆಳೆ ಹೋದ್ರೆ ಹೋಗ್ಲಿ, ನಿನ್ನ ಮಾತ್ರ ಕಳಿಸಲ್ಲ."

ಸೊಂಟ ಬಿದ್ದುಹೋಗುವಂತೆ ಇಬ್ಬರೇ ಆಯ್ದೆವು. ಅರ್ಧವೂ ಮುಗಿಯಲಿಲ್ಲ. ಮಧ್ಯಾಹ್ನ ಅತ್ತೆ ಬಂದರು. ಜಗಳಕ್ಕೇ ಬಂದರು ಅಂದುಕೊಂಡು ನಾನೂ ಎದ್ದು ನಿಂತೆ. ಅವರು ಕಾಲು ತೊಳೆದು, ಸೆರಗು ಸಿಕ್ಕಿಸಿ, ಶಾಂತಳ ಎದುರಿಗೆ ಕುಕ್ಕರಿಸಿದರು.

"ದೇವುಡಾ! ಹಿಂಗ್ ಆಯ್ದ್ರೆ ಯಾವಾಗ ಮುಗಿಯೋದು? ಇತ್ಲಾಗ್ ಕೊಡೇ" ಎಂದು ಅಂಗೈ ಚಾಚಿದರು. ಶಾಂತ ತನ್ನ ಕೈಯಲ್ಲಿದ್ದ ಹುಳುಗಳನ್ನು ಅವರ ಅಂಗೈಗೆ ಸುರಿದಳು.

ಸಂಜೆ ಅವಳು ಗಂಟು ಬಿಚ್ಚಿದಳು. ಬೆಳೆಯೂ ಚೆನ್ನಾಗಿಯೇ ಬಂತು. ಆ ರೋಗ ಅಷ್ಟು ದೇಶ ದಾಟಿ ಬಂತು, ಯಾರೂ ತಡೆಯಲಿಲ್ಲ. ಶಾಂತಳಿಗೆ ಒಂದು ಹೊಸಿಲು ದಾಟಿಸಲು ಮಾತ್ರ ಇಷ್ಟೆಲ್ಲ ಆಗಬೇಕಾಯಿತು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಈಗ ಹುಳುಮನೆ ಪೂರಾ ಅವಳ ಕೈಯಲ್ಲಿದೆ. ಕಾಲು ತೊಳೆಯದೆ ಹೋದರೆ ನನ್ನನ್ನೂ ಒಳಗೆ ಬಿಡುವುದಿಲ್ಲ.