ಕೋವಿಯನ್ನು ಯಾರ ಕೈಗೆ ಕೊಡುವುದು?

ಕೋವಿಡ್ ಕಳೆದ ಮರುವರ್ಷ. ನಾನಾಗ ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ ಮನೋವೈದ್ಯೆ. ವಾರಕ್ಕೊಮ್ಮೆ ಅಮ್ಮತ್ತಿಯಲ್ಲಿ ಕ್ಲಿನಿಕ್. ಮನೋವೈದ್ಯರಿಗೆ ಗಟ್ಟಿ ಗುಂಡಿಗೆ ಎಂದು ಜನ ತಿಳಿದಿರುತ್ತಾರೆ. ನನ್ನದೋ ಪುಕ್ಕಲು ಜೀವ, ಕಷ್ಟದ ಕೇಸು ಬಂದರೆ ಅನ್ನವೇ ಸೇರುವುದಿಲ್ಲ.

ಪೂವಯ್ಯನವರನ್ನು (ಹೆಸರು ಬದಲಿಸಿದ್ದೇನೆ) ಹೆಂಡತಿ ದೇಚಮ್ಮ ಕರೆತಂದಾಗ ಅವರು ನಿದ್ದೆ ಮಾಡಿ ವಾರಗಳಾಗಿದ್ದವು. ಐವತ್ತು ದಾಟಿದ ಕಾಫಿ ಬೆಳೆಗಾರ. ತೋಟದ ಲೆಕ್ಕ ಬರೆಯುವ ರೈಟರನ್ನು ನಂಬುವುದಿಲ್ಲ, ಲೈನ್ ಮನೆಗಳಲ್ಲಿರುವ ಕೆಲಸದವರನ್ನು ನಂಬುವುದಿಲ್ಲ, ಹಗ್ಗ ಕಂಡರೂ ಹಾವೆನ್ನುವ ಸ್ಥಿತಿ. ಬದುಕಿ ಏನಾಗಬೇಕಿದೆ ಎಂದು ಎರಡು ಸಲ ಕೇಳಿದರು.

"ನನ್ನ ತಲೆ ಸ್ಕ್ಯಾನ್ ಮಾಡಿಸಿ ಡಾಕ್ಟ್ರೇ. ಒಳಗೆ ಎಂತದೋ ಕೆಟ್ಟಿದೆ," ಎಂದರು.

ಇತರರನ್ನು ನಂಬುವ ಗುಣಕ್ಕೂ ಮೆದುಳಿನ ಕೆಲವು ಭಾಗಗಳ ಗಾತ್ರಕ್ಕೂ ನಂಟಿದೆ, ನಂಬಿಕೆ ಕುಗ್ಗಿದವರಲ್ಲಿ ಖಿನ್ನತೆಯ ಅಪಾಯ ಹೆಚ್ಚು ಎಂದು ಸಂಶೋಧಕರು ಹೇಳುತ್ತಾರೆ. ಆದರೆ ಅದು ಬಹಳ ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ಮಾತು. ಒಬ್ಬನ ಎಂಆರ್‌ಐ ಹಿಡಿದು ಇವನು ಯಾರನ್ನು ನಂಬುತ್ತಾನೆ ಎಂದು ಹೇಳಲಾಗದು. ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ಏನೂ ಇರಲಿಲ್ಲ. "ಮೆಷಿನ್ನನ್ನೂ ನಂಬೋದು ಹೇಗೆ?" ಎಂದರು ಪೂವಯ್ಯ.

ನನ್ನ ಭಯವೆಲ್ಲ ಅವರ ಮನೆಯಲ್ಲಿದ್ದ ಕೋವಿಯದು. ರಿಪೇರಿಗೆಂದು ಸುಳ್ಳು ಹೇಳಿ ಸಾಗಿಸೋಣ ಎಂದರು ದೇಚಮ್ಮ. ಸುಳ್ಳು ಗೊತ್ತಾದರೆ ನಮ್ಮ ಮಾತ್ರೆಯನ್ನೂ ಉಗುಳಿಬಿಡುತ್ತಾರಲ್ಲ! ನೇರವಾಗಿಯೇ ಕೇಳಿದೆ. "ಕೊಡವನ ಹತ್ರ ಕೋವಿ ಕೇಳ್ತೀರಲ್ಲ," ಎಂದು ನನ್ನನ್ನೇ ದಿಟ್ಟಿಸಿದರು. ಕೊನೆಗೆ, ದೊಡ್ಡಪ್ಪನ ಮಗ ಅಪ್ಪಚ್ಚು ಅಣ್ಣ ಇಟ್ಟುಕೊಳ್ಳಲಿ ಎಂದರು. ಔಷಧಿ ಶುರುವಾಯಿತು. ನಿದ್ದೆ ಮರಳಿತು, ಬದುಕಿನ ಬೇಸರ ಮಾತ್ರ ಕಳೆಯಲಿಲ್ಲ.

ಅಷ್ಟರಲ್ಲಿ ಕೈಲ್ ಮುಹೂರ್ತ ಬಂತು, ಕೊಡಗಿನವರು ಆಯುಧ ಪೂಜಿಸುವ ಹಬ್ಬ. ಬೆಳಿಗ್ಗೆ ದೇಚಮ್ಮನ ಫೋನು: "ಡಾಕ್ಟ್ರೇ, ಅಪ್ಪಚ್ಚು ಭಾವ ಕೋವಿ ವಾಪಸ್ ತಂದಿದ್ದಾರೆ! ಹಬ್ಬದ ದಿನ ಮನೇಲಿ ಕೋವಿ ಇಲ್ಲದಿದ್ರೆ ಮರ್ಯಾದೆ ಏನು ಅಂತಾರೆ."

ಅಯ್ಯೋ ದೇವರೇ! ಒಳ್ಳೆಯ ಮನುಷ್ಯನ ಒಳ್ಳೆಯ ಮನಸ್ಸೇ ಕುತ್ತಿಗೆಗೆ ಬಂತಲ್ಲ. ಮಡಿಕೇರಿಯಿಂದ ಅಮ್ಮತ್ತಿಯವರೆಗೆ ಕಾರು ಹೇಗೆ ಓಡಿಸಿದೆನೋ ತಿಳಿಯದು.

ನಾನು ಒಳಗೆ ಕಾಲಿಟ್ಟಾಗ ಪೂಜೆ ಮುಗಿಯುತ್ತಿತ್ತು. ದೀಪದ ಮುಂದೆ ಕೋವಿ, ಅದರ ತುದಿಗೆ ಹೂ. ಪೂಜೆಯಾದ ಮೇಲೆ ಹಿರಿಯರು ಅದನ್ನು ಕಿರಿಯರ ಕೈಗೆ ಕೊಡುವುದು ಪದ್ಧತಿ. ತಡೆಯಬೇಕೆನಿಸಿತು. ಆದರೆ ನೆಂಟರೆಲ್ಲರ ಎದುರು ನಾನು ಕೂಗಿದರೆ ಆ ಮನುಷ್ಯ ಮತ್ತೆ ತಲೆ ಎತ್ತಿಯಾರೇ? ದೇಚಮ್ಮ ನನ್ನ ಮುಂಗೈ ಬಿಗಿಯಾಗಿ ಹಿಡಿದರು. ಅಪ್ಪಚ್ಚು ಕೋವಿ ಎತ್ತಿ ಪೂವಯ್ಯನವರ ಕೈಗಿಟ್ಟರು.

ಪೂವಯ್ಯ ಅದನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಅಣ್ಣನ ಕಡೆಗೇ ಚಾಚಿದರು. ನನಗೂ ತಿಳಿಯಲೆಂದೋ ಏನೋ, ಕೊಡವ ಭಾಷೆ ಬಿಟ್ಟು ಕನ್ನಡದಲ್ಲೇ ಹೇಳಿದರು: "ಪೂಜೆ ಆಯ್ತಲ್ಲ ಅಣ್ಣ, ನೀನೇ ತಕೊಂಡು ಹೋಗು. ನಾನು ಕೇಳಿದ್ರೂ ಕೊಡಬೇಡ."

ಅಪ್ಪಚ್ಚು ಅಳುತ್ತಲೇ ಕೋವಿ ತೆಗೆದುಕೊಂಡರು. ನಾನೂ ಅತ್ತೆ, ಮುಚ್ಚಿಡುವುದೇನು.

ಪೂವಯ್ಯ ಪೂರ್ತಿ ಚೇತರಿಸಿಕೊಳ್ಳಲು ಕಾಫಿ ಕೊಯ್ಲಿನ ಇನ್ನೊಂದು ಪಿಕ್ಕಿಂಗ್ ಸೀಸನ್ನೇ ಬೇಕಾಯಿತು. ರೋಗ ವಾಸಿಯಾದ ಮೇಲೆ ನಂಬಿಕೆ ತಾನಾಗಿ ಬರುತ್ತದೆ ಎಂದು ನಾನು ಕಲಿತಿದ್ದೆ. ಅವರ ಮನೆಯಲ್ಲಿ ಅದು ಮೊದಲೇ ಬಂತು, ಚೇತರಿಕೆ ಅದರ ಹಿಂದೆ ಬಂತು. ಅಂದಿನಿಂದ ಪ್ರತಿ ರೋಗಿಯನ್ನೂ ಕೇಳುತ್ತೇನೆ: "ನಿಮ್ಮನ್ನು ನಿಮ್ಮಿಂದಲೇ ಕಾಯೋಕೆ ಯಾರಿಗೆ ಹೇಳ್ತೀರಿ?" ಒಂದು ಹೆಸರು ಬಂದರೆ ಔಷಧಿ ಚೀಟಿ ಬರೆಯುತ್ತೇನೆ. "ಯಾರೂ ಇಲ್ಲ" ಎಂದರೆ ಪೆನ್ನು ಕೆಳಗಿಟ್ಟು ಇನ್ನೊಂದು ಟೀ ತರಿಸುತ್ತೇನೆ, ಒಂದು ಹೆಸರು ಸಿಗುವವರೆಗೆ ಅವರನ್ನು ಎದ್ದು ಹೋಗಲು ಬಿಡುವುದಿಲ್ಲ.