ಇಲಿವಾರದ ದಿನ ಅಂಬಾಸಿಡರ್

ಹರಪನಹಳ್ಳಿಯಲ್ಲಿ ನನಗೆ ಬಾಡಿಗೆ ಮನೆ ಸಿಕ್ಕಿದ್ದು ನನ್ನ ಮುಖ ನೋಡಿ ಅಲ್ಲ, ನನ್ನ ಕಾರಿನ ಮುಖ ನೋಡಿ.

ಮೈಸೂರಿನಲ್ಲಿ ಮನೆ ಕೇಳಲು ಹೋದವರಿಗೆ ಏನೇನು ಪ್ರಶ್ನೆ ಬೀಳುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಯಾವ ಜನ, ಎಷ್ಟು ಜನ, ಅಡಿಗೆಗೆ ಏನೇನು ಬೀಳುತ್ತದೆ, ನೀರು ಎಷ್ಟು ಖರ್ಚಾಗುತ್ತದೆ. ಅವಕ್ಕೆಲ್ಲ ದಾರಿಯುದ್ದಕ್ಕೂ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಇಲ್ಲಿ ಹಣೆತುಂಬ ವಿಭೂತಿ ಹಚ್ಚಿಕೊಂಡ ಒಬ್ಬ ಹಿರಿಯ ಹೆಂಗಸು ಬಾಗಿಲಿಗೆ ಬಂದು, ನನ್ನನ್ನು ಬಿಟ್ಟು ನನ್ನ ಬೆನ್ನ ಹಿಂದೆ ನೋಡಿದರು.

"ಆ ಕಾರು ನಿಮ್ದೇನ್ರಿ?"

"ಕಂಪೆನಿಯದು. ನನ್ನ ಹತ್ತಿರವೇ ಇರುತ್ತೆ."

"ಕರದಾಗ ಹೊಂಡತೈತೇನು?"

"ಹೊರಡುತ್ತೆ," ಎಂದೆ, ನನಗೇ ಪೂರ್ತಿ ನಂಬಿಕೆಯಿಲ್ಲದೆ.

"ಹಂಗಾರ ಮನಿ ನಿಮ್ದು. ಒಳಗ ಬರ್ರಿ, ಚಾ ಕುಡೀರಿ."

ಅವರೇ ಬಸಮ್ಮ, ಮನೆಯ ಯಜಮಾನಿ. ಮಗ ಕೊಟ್ರಪ್ಪ ಶೇಂಗಾ ವ್ಯಾಪಾರಿ. ಶೇಂಗಾ ಎಂದರೆ ನಮ್ಮ ಕಡಲೆಕಾಯಿ. ಕಾರಿನ ಮೇಲೆ ಇವರಿಗೇಕೆ ಇಷ್ಟು ಕಣ್ಣು ಎಂಬುದು ಅವನಿಂದ ನಾಲ್ಕು ದಿನ ಬಿಟ್ಟು ತಿಳಿಯಿತು. ಅವನ ಹೆಂಡತಿ ನೀಲಮ್ಮನ ಮೊದಲ ಹೆರಿಗೆ ತೆಲಿಗಿ ಹಳ್ಳಿಯ ತವರಿನಲ್ಲಿ. ಬೇನೆ ಶುರುವಾಗಿ ಎತ್ತಿನ ಗಾಡಿಯಲ್ಲಿ ಪೇಟೆಗೆ ಕರೆತರುವಷ್ಟರಲ್ಲಿ ಕೂಸು ಹೋಗಿತ್ತು. ಈಗ ಅವಳು ಮತ್ತೆ ಏಳು ತಿಂಗಳ ಬಸುರಿ. ಈ ಸಲ ಹೆರಿಗೆ ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು, ತಡಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಬಸಮ್ಮ ಸೊಸೆಯನ್ನು ತವರಿಗೆ ಕಳಿಸದೆ ಇಲ್ಲೇ ಇಟ್ಟುಕೊಂಡಿದ್ದರು, ಮುಂದಿನ ಕೋಣೆಗಳಿಗೆ ಕಾರಿರುವ ಬಾಡಿಗೆದಾರನನ್ನು ಹುಡುಕುತ್ತಿದ್ದರು.

ನಲವತ್ತೇಳು ವರ್ಷ ಚಿಂತೆ ಮಾಡುವುದನ್ನೇ ಅಭ್ಯಾಸ ಮಾಡಿಕೊಂಡು ಬಂದ ಮನುಷ್ಯನ ಕೈಗೆ ಇಂಥ ಭಾರ ಸಿಕ್ಕರೆ ಏನಾಗಬೇಡ! ನನ್ನ ಕೆಲಸ ಪಂಪ್‌ಸೆಟ್ ಮಾರಾಟ ನೋಡಿಕೊಳ್ಳುವುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಕಂಪೆನಿಯವರು ಒಂದೇ ಉಸಿರಿನಲ್ಲಿ ಹೇಳಿ ಕಳಿಸಿದ್ದರು. ಮಗಳ ಕಾಲೇಜು ಮುಗಿಯುವ ತನಕ ಹೆಂಡತಿ ಸರೋಜ ಮೈಸೂರಿನಲ್ಲೇ. ಸಂಜೆ ಬಾಗಿಲು ತೆರೆದು ದೀಪದ ಸ್ವಿಚ್ಚು ಹುಡುಕುವ ಕ್ಷಣ ಇದೆಯಲ್ಲ, ಒಂಟಿತನವೆಲ್ಲ ಅಷ್ಟರಲ್ಲೇ ಇರುತ್ತದೆ. ದೀಪ ಹತ್ತಿದ ಮೇಲೆ ಹೇಗೋ ನಡೆದುಹೋಗುತ್ತದೆ.

ಅಲ್ಲಿ ಬೆಳಗಾದರೆ ಇಡ್ಲಿ, ಇಲ್ಲಿ ಮಂಡಕ್ಕಿ ಮೆಣಸಿನಕಾಯಿ. ಅಲ್ಲಿನ ಹಸಿಮೆಣಸಿನಕಾಯಿ ಒಗ್ಗರಣೆಯಲ್ಲಿ ತೇಲಿ ಸುಮ್ಮನಿರುತ್ತದೆ, ಇಲ್ಲಿನದು ಹಿಟ್ಟಿನ ಅಂಗಿ ತೊಟ್ಟು ತಟ್ಟೆಗೇ ಬಂದು ಕೂರುತ್ತದೆ. ಬಸಮ್ಮ ಕಳಿಸುತ್ತಿದ್ದ ಖಡಕ್ ರೊಟ್ಟಿಯನ್ನು ಮೊದಲ ಸಲ ನಾನು ಹಪ್ಪಳವೆಂದು ಪಕ್ಕಕ್ಕಿಟ್ಟು, ಊಟ ಯಾವಾಗ ಬರುತ್ತದೆಂದು ಕಾದಿದ್ದೆ. ಮಾತೂ ಕನ್ನಡವೇ, ಆದರೂ ಬೇರೆ. ನಾವು "ಮಾಡ್ತಾ ಇದ್ದಾರೆ" ಎನ್ನುವಲ್ಲಿ ಇವರು "ಮಾಡಾಕ ಹತ್ಯಾರ" ಎನ್ನುತ್ತಾರೆ. ಎಲ್ಲಿಗೆ ಹತ್ತಿದರು ಎಂದು ಮೊದಮೊದಲು ಮಾಳಿಗೆಯ ಕಡೆ ನೋಡುತ್ತಿದ್ದೆ.

ಆದರೆ ಈ ಊರು ನನ್ನನ್ನು ನಿಜವಾಗಿ ಪರೀಕ್ಷಿಸಿದ್ದು ಇಲಿಗಳ ಮೂಲಕ.

ಕಾರು ನಿಲ್ಲಿಸುತ್ತಿದ್ದದ್ದು ಕೊಟ್ರಪ್ಪನ ಶೇಂಗಾ ಗೋದಾಮಿನ ಗೋಡೆಗೆ ಒತ್ತಿಕೊಂಡ ತಗಡಿನ ಚಪ್ಪರದಲ್ಲಿ. ಮೈಸೂರಿನಲ್ಲಿ ಕಾರಿಗೆ ಶತ್ರುಗಳೆಂದರೆ ಕಾಗೆ, ಕ್ರಿಕೆಟ್ ಚೆಂಡು, ಅಷ್ಟೆ. ಇಲ್ಲಿ ಮೂರನೇ ವಾರವೇ ಕೊಟ್ಟೂರಿನ ದಾರಿಯಲ್ಲಿ ಹಾರ್ನ್ ಸತ್ತಿತು. ಬಾನೆಟ್ ಎತ್ತಿದರೆ ವೈರಿನ ಮೇಲೆ ಸಣ್ಣ ಸಣ್ಣ ಹಲ್ಲಿನ ಗುರುತು. ಇವತ್ತು ಹಾರ್ನ್, ನಾಳೆ ಇಂಜಿನ್ನು, ನಾಳಿದ್ದು ನೀಲಮ್ಮ ಎಂದು ನನ್ನ ತಲೆ ತಾನಾಗಿಯೇ ಲೆಕ್ಕ ಹಾಕಿತು.

ಅಂದಿನಿಂದ ಯುದ್ಧ. ಡಾಂಬರು ಗುಳಿಗೆ ಕಟ್ಟಿ ತೂಗುಹಾಕಿದೆ. ಕಾರು ಮದುವೆ ಸೀರೆಯ ಪೆಟ್ಟಿಗೆಯ ಹಾಗೆ ನಾರಿತು, ಇಲಿಗಳು ಕದಲಲಿಲ್ಲ. ತಂಬಾಕಿನ ಎಸಳು ತುರುಕಿದೆ. ನನಗೇ ತಲೆ ಸುತ್ತಿತು. ಬಸಮ್ಮನ ಬೆಕ್ಕನ್ನು ಹಾಲು ಕೊಟ್ಟು ಕಾವಲಿಗೆ ಕರೆದೆ, ಅದು ಬಿಸಿ ಬಾನೆಟ್ಟಿನ ಮೇಲೆ ಮಲಗಿ ಗೊರಕೆ ಹೊಡೆಯಿತು. ಕಡೆಗೆ ನನ್ನ ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಗೋದಾಮಿನಿಂದ ಖಾಲಿ ಗೋಣಿಚೀಲಗಳನ್ನು ತಂದು ಪ್ರತಿ ಸಂಜೆ ಇಂಜಿನ್ನಿನ ಮೇಲೆಲ್ಲ ದಪ್ಪಗೆ ಹೊದಿಸಿ, ಸಂದಿಗಳಿಗೆ ತುರುಕಿ, ಬಾನೆಟ್ ಮುಚ್ಚತೊಡಗಿದೆ. ಇಷ್ಟು ದಪ್ಪ ಗೋಣಿ ದಾಟಿ ಯಾವ ಇಲಿ ಬಂದೀತು? ಒಂದು ವಾರ ಏನೂ ಆಗಲಿಲ್ಲ. ಗೆದ್ದೆ ಎಂದು ಸರೋಜಳಿಗೆ ಟ್ರಂಕ್ ಕಾಲ್ ಮಾಡಿ ಹೇಳಿದೆ.

ಅಷ್ಟರಲ್ಲಿ ಗಣೇಶನ ಚೌತಿ ಬಂತು, ಹಬ್ಬದ ರಜೆಯಲ್ಲಿ ಕಾರು ಗೋಣಿ ಹೊದ್ದೇ ನಿಂತಿತು. ಮಾರನೆಯ ದಿನ ಇಲಿವಾರ. ಇದು ನಮ್ಮ ಕಡೆ ಇಲ್ಲದ ಆಚರಣೆ, ಹೇಳಲೇಬೇಕು. ಗಣಪ್ಪನ ವಾಹನಕ್ಕೂ ಒಂದು ದಿನದ ಮರ್ಯಾದೆ. ಬಸಮ್ಮ ನನಗೆ ಮೊದಲೇ ಎಚ್ಚರಿಕೆ ಕೊಟ್ಟರು.

"ನಾಳಿ ಕತ್ರಿ, ಚಾಕು, ಸೂಜಿ ಏನೂ ಮುಟ್ಟಂಗಿಲ್ಲ ನೋಡ್ರಿ ಸಾಹೇಬ್ರ. ನಾವು ಏನರ ಕತ್ತರಿಸಿದ್ರ, ವರ್ಷಪೂರ್ತಿ ಅವೂ ನಮ್ಮನ್ಯಾಗ ಕತ್ತರಸ್ತಾವ."

"ಗಡ್ಡ ಮಾಡ್ಕೋಬಹುದಾ?"

"ಒಂದಿನ ಗಡ್ಡ ಇದ್ರ ಪಂಪು ಕೊಳ್ಳಂಗಿಲ್ಲೇನು ಮಂದಿ?"

ಬೆಳಿಗ್ಗೆ ಅವರು ಗೋದಾಮಿನ ಮೂಲೆಯ ಬಿಲದ ಮುಂದೆ ಎಲೆಯಲ್ಲಿ ಕಡುಬು ಇಟ್ಟು ಕೈಮುಗಿದರು. ನಾನು ಮನಸ್ಸಿನಲ್ಲೇ ನಕ್ಕೆ. ಅವರು ಒಳಗೆ ಹೋದ ಮೇಲೆ ನನ್ನ ಪಾಲಿನ ಕಡುಬಿನಲ್ಲಿ ಅರ್ಧ ಮುರಿದು ಕಾರಿನ ಚಕ್ರದ ಬಳಿ ಇಟ್ಟು ಬಂದೆ. ಚಿಂತೆಗೆ ವಿಜ್ಞಾನ, ದೇವರು ಎಂಬ ಭೇದವಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಕೊಟ್ರಪ್ಪ ಅಂಗಳದಿಂದಲೇ ಕೂಗಿದ. "ಸಾಹೇಬ್ರ! ಬ್ಯಾನಿ ಚಾಲೂ ಆಗೈತಿ! ಗಾಡಿ ತಗೀರಿ!"

ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ. ನೀಲಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಚೀಲಗಳನ್ನು ತೆಗೆಯಲೂ ಪುರಸೊತ್ತಿಲ್ಲದೆ ಸ್ಟಾರ್ಟರ್ ಎಳೆದೆ. ಇಂಜಿನ್ನು ಗರ್ ಗರ್ ಎಂದು ತಿರುಗಿತು, ಹತ್ತಲಿಲ್ಲ. ಮತ್ತೆ ಎಳೆದೆ. ಹತ್ತಲಿಲ್ಲ. ಬಾನೆಟ್ ಎತ್ತಿ ಗೋಣಿ ಸರಿಸಿದರೆ, ಒಳಗೊಂದು ಸಂಸಾರ! ಬೆಚ್ಚನೆಯ ಗೂಡು, ನಾರಿನ ಹಾಸಿಗೆ, ಸುತ್ತ ಶೇಂಗಾ ಸಿಪ್ಪೆ. ಮರಿಗಳನ್ನು ಬಿಟ್ಟು ತಾಯಿ ಇಲಿ ಹಾರಿ ಹೋಯಿತು. ಮೊದಲು ಶೇಂಗಾ ತುಂಬಿದ್ದ ಚೀಲಗಳು, ಮೂಲೆಮೂಲೆಯಲ್ಲಿ ಇನ್ನೂ ಕಾಳು ಉಳಿದಿದ್ದ ಚೀಲಗಳು. ನಾನು ಊಟ, ವಸತಿ ಎರಡನ್ನೂ ಒದಗಿಸಿದ್ದೆ.

ಬಸಮ್ಮ ಬಗ್ಗಿ ನೋಡಿದರು. "ಅಯ್ಯ ಶಿವನ! ಇಲಿಗಿ ಕೌದಿ ಹೊಚ್ಚೀರಲ್ರೀ!" ಕೌದಿ ಎಂದರೆ ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದು ಮಾಡಿದ ಹೊದಿಕೆ. ಕೂಸಿಗೆ ಹೊದಿಸುವಂಥದು.

ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರು ತುಂಡಾಗಿತ್ತು. ಹಬ್ಬ, ಗ್ಯಾರೇಜು ಮುಚ್ಚಿದೆ. ಬೇರೆ ಗಾಡಿ ಹುಡುಕಲು ಕೊಟ್ರಪ್ಪ ಬಸ್‌ಸ್ಟ್ಯಾಂಡಿಗೆ ಓಡಿದ. ಎರಡು ತುದಿಯ ರಬ್ಬರು ಸುಲಿದು ತಂತಿ ಹೊಸೆದರೆ ಸಾಕು, ಇಷ್ಟು ನನಗೂ ಗೊತ್ತು. ಡಿಕ್ಕಿಯಿಂದ ಕಟಿಂಗ್ ಪ್ಲೇಯರ್ ತಂದೆ.

"ಸಾಹೇಬ್ರ…" ಎಂದರು ಬಸಮ್ಮ. ಅಷ್ಟೇ. ತಡೆಯಲಿಲ್ಲ, ಬೈಯಲಿಲ್ಲ. ಆದರೆ ಅವರ ಮುಖ ನೋಡಿದೆ. ಒಂದು ಕೂಸನ್ನು ಕಳೆದುಕೊಂಡ ಮನೆ. ಎರಡನೆಯದು ಬರುವ ಹೊತ್ತಿಗೆ, ಕತ್ತರಿಸಬಾರದ ದಿನ, ಕಣ್ಣೆದುರೇ ಕತ್ತರಿಸುವ ಕಬ್ಬಿಣ. ಬೇಡ ಎನ್ನಲು ಅವರಿಗೆ ಸೊಸೆಯ ಜೀವದ ಭಯ, ಮಾಡಿ ಎನ್ನಲು ದೇವರ ಭಯ. ಭಯದ ವಿಷಯದಲ್ಲಿ ನಾನು ಹಳೆಯ ವಿದ್ಯಾರ್ಥಿ. ಆ ಮುಖ ನನಗೆ ಗೊತ್ತು, ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

ಪ್ಲೇಯರನ್ನು ಕೆಳಗಿಟ್ಟೆ. ಬ್ಯಾಟರಿಯ ತಂತಿ ಕಳಚಿ, ಬಾನೆಟ್ಟಿನೊಳಗೆ ತಲೆ ತೂರಿಸಿ, ವೈರಿನ ತುದಿಯನ್ನು ಬಾಯಲ್ಲಿಟ್ಟು ಹಲ್ಲಿನಿಂದ ಸುಲಿಯತೊಡಗಿದೆ. ಎಣ್ಣೆ, ಧೂಳು, ತಂಬಾಕು, ಡಾಂಬರು ಗುಳಿಗೆ, ನನ್ನ ಹಿಂದಿನ ಯುದ್ಧಗಳ ರುಚಿಯೆಲ್ಲ ನಾಲಿಗೆಗೆ ಬಂತು.

ಹಿಂದಿನ ಸೀಟಿನಿಂದ ನೀಲಮ್ಮ ನೋವಿನ ನಡುವೆಯೇ ಕತ್ತು ಚಾಚಿದಳು. "ಅತ್ತಿ, ಸಾಹೇಬ್ರು ವೈರು ತಿನ್ನಾಕ ಹತ್ಯಾರ!"

"ಸುಮ್ನಿರಬೇ, ತಿನ್ನಲಿ," ಎಂದರು ಬಸಮ್ಮ. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಹಲ್ಲಿಗಿ ದೋಷ ಇಲ್ರಿ. ಗಣಪ್ಪ ತಿಳಕೊಂತಾನ," ಎಂದರು.

ತಂತಿ ಹೊಸೆದು, ಟೇಪನ್ನೂ ಹಲ್ಲಿನಿಂದಲೇ ಹರಿದು ಸುತ್ತಿ, ಬ್ಯಾಟರಿಯ ತಂತಿ ಮತ್ತೆ ಸಿಕ್ಕಿಸಿದೆ. ಬಸಮ್ಮ ಇಲಿಮರಿಗಳ ಗೂಡನ್ನು ಗೋಣಿಸಮೇತ ಎತ್ತಿ ಗೋದಾಮಿನ ಮೂಲೆಗಿಟ್ಟು ಬಂದರು. ವ್ಯಾಪಾರಿಯ ತಾಯಿ ಶೇಂಗಾ ಗೋದಾಮಿಗೆ ಇಲಿ ಬಿಡುವುದನ್ನು ನಾನು ಆ ದಿನ ಮಾತ್ರ ನೋಡಿದ್ದು. ಸ್ಟಾರ್ಟರ್ ಎಳೆದೆ. ಒಮ್ಮೆ ಕೆಮ್ಮಿತು. ಹತ್ತಿತು!

ಬಸ್‌ಸ್ಟ್ಯಾಂಡಿನಿಂದ ಬರಿಗೈಯಲ್ಲಿ ಮರಳುತ್ತಿದ್ದ ಕೊಟ್ರಪ್ಪನನ್ನು ದಾರಿಯಲ್ಲೇ ಹತ್ತಿಸಿಕೊಂಡೆವು. ದಾವಣಗೆರೆಯ ತನಕ ನಾನು ರಸ್ತೆ ನೋಡಿದ್ದಕ್ಕಿಂತ ಇಂಜಿನ್ನಿನ ಸದ್ದು ಕೇಳಿದ್ದೇ ಹೆಚ್ಚು. ಅವಳನ್ನು ಒಳಗೆ ಕರೆದೊಯ್ದ ಮೇಲೂ ಕಾರು ಆರಿಸಲಿಲ್ಲ. ಆರಿಸಿದರೆ ಮತ್ತೆ ಹತ್ತೀತೆಂಬ ಭರವಸೆ ಏನು? ಆಸ್ಪತ್ರೆಯ ಅಂಗಳದಲ್ಲಿ ಅದು ಗುಡುಗುಡು ಎನ್ನುತ್ತಲೇ ಇತ್ತು. ಒಬ್ಬ ಆಯಾ ಬಂದು ಬೈದಳು. "ಯಾಕ್ರೀ, ನಿಮ್ಮ ಗಾಡಿಗೂ ಬ್ಯಾನಿ ಬಂದೈತೇನು? ಆರಸ್ರಿ ಅದನ್ನ!"

ಆಗಲೇ ಕೊಟ್ರಪ್ಪ ಹೊರಗೆ ಬಂದ. ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನು ತಲೆಯೆತ್ತಿದಾಗ ಅಳುತ್ತಿದ್ದ, ನಗುತ್ತಲೂ ಇದ್ದ. "ಹೆಣ್ಣು ಕೂಸು, ಸಾಹೇಬ್ರ. ಇಬ್ರೂ ಅರಾಮ ಅದಾರ. ಅಂಬಾಸಿಡರಮ್ಮ ಅಂತ ಹೆಸರಿಡಾಣೇನು?"

ಕಾರು ಆರಿಸಿದೆ. ಅಂಥ ಮೌನ ನಾನು ಮೊದಲು ಕೇಳಿರಲಿಲ್ಲ.

ಈಗ ಕಾರನ್ನು ಚಪ್ಪರದಲ್ಲಿ ಇಡುವುದಿಲ್ಲ. ಗೋದಾಮಿನಿಂದ ದೂರ, ಬಯಲಿನಲ್ಲಿ ನಿಲ್ಲಿಸಿ, ಮಳೆಯಿಲ್ಲದಿದ್ದರೆ ಬಾನೆಟ್ ಪೂರ್ತಿ ತೆರೆದಿಡುತ್ತೇನೆ. ಕತ್ತಲಿಲ್ಲ, ಬೆಚ್ಚಗಿಲ್ಲ, ಹೊದಿಕೆಯಿಲ್ಲ. ಇಲಿಗಳು ಆ ಕಡೆ ಸುಳಿಯುತ್ತಿಲ್ಲ. ಇದರ ಒಂದೇ ತೊಂದರೆಯೆಂದರೆ ಓಣಿಯಲ್ಲಿ ಹೋಗುವವರೆಲ್ಲ ನಿಂತು, "ಗಾಡಿ ಕೆಟ್ಟೈತೇನ್ರಿ?" ಎಂದು ಕೇಳುತ್ತಾರೆ. "ಇಲ್ರಿ, ಗಾಳಿ ಕುಡಿಯಾಕ ಹತ್ತೈತಿ," ಎನ್ನುತ್ತೇನೆ. ಅವರು ಒಪ್ಪಿ ಮುಂದೆ ಹೋಗುತ್ತಾರೆ. ಊರು ನನಗಿಟ್ಟ ಮೈಸೂರು ಸಾಹೇಬ್ರು ಎಂಬ ಹೆಸರು ಮಾತ್ರ ಹೋಗಿಲ್ಲ.

ಮೊನ್ನೆ ಕಂಪೆನಿಯ ಮೀಟಿಂಗಿಗೆಂದು ಕಾರಿನಲ್ಲೇ ಮೈಸೂರಿಗೆ ಹೋಗಿದ್ದೆ. ಮನೆ ಮುಂದೆ ನಿಲ್ಲಿಸಿ, ಯೋಚನೆಯೇ ಇಲ್ಲದೆ ಬಾನೆಟ್ ಎತ್ತಿಟ್ಟೆ. ಎದುರುಮನೆಗೆ ಹೊಸದಾಗಿ ಬಂದವರು ಗೇಟಿನ ಬಳಿ ನಿಂತು, "ಏನ್ ಸಾರ್, ಕಾರು ಕೆಟ್ಟೋಯ್ತಾ?" ಎಂದರು.

"ಇಲ್ರಿ, ಗಾಳಿ ಕುಡಿಯಾಕ ಹತ್ತೈತಿ."

ಅವರು ನನ್ನನ್ನೇ ನೋಡಿದರು. "ಸಾರ್ ಯಾವ ಕಡೆಯವರು?"

ಈ ಬೀದಿಯಲ್ಲೇ ಹುಟ್ಟಿದವನು ನಾನು. ಒಳಗಿನಿಂದ ಸರೋಜ ಹೇಳಿದಳು, "ಅವರು ಇಲ್ಲಿಯವರೇ. ಕಾರು ಮಾತ್ರ ಆ ಕಡೆಯದು."

ನಾನು ಬಾನೆಟ್ ಮುಚ್ಚಲಿಲ್ಲ.