ಮೂರು ದಾರಿಯಲ್ಲಿ ಸಿಕ್ಕ ಸೀತಾಳೆ

ಗೆಳೆಯರೇ, ನನ್ನ ಸೀತಾಳೆ ಗಿಡ ಬದುಕಿದೆ! ಮಣ್ಣಿಲ್ಲದೆ ಗಾಳಿಯಲ್ಲೇ ಬೇರು ಬಿಡುವ ಈ ಆರ್ಕಿಡ್ಡನ್ನು ಮರದ ತುಂಡಿಗೆ ಕಟ್ಟಿ ಬಾಗಿಲ ಮೇಲೆ ತೂಗುಹಾಕಿದ್ದೆ. ಮೊದಲ ಸಲ ಮೊಗ್ಗು ಬಂದಿತ್ತು. ಇವತ್ತು ಆಫೀಸಿನಿಂದ ಬಂದು ನೋಡಿದರೆ ಆ ಜಾಗದಲ್ಲಿ ಲೋಳೆಸರ ತೂಗಾಡುತ್ತಿದೆ.

ನಿನ್ನೆಯಷ್ಟೇ ಊರಿನಿಂದ ಬಂದ ಅತ್ತೆ ಹೇಳಿದರು: "ದೃಷ್ಟಿಗೆ ಕಟ್ಟಿದ್ದು ಒಣಗ್ಹೋಗಿತ್ತು ಕಣಮ್ಮಾ, ಬರೀ ಬೇರು ನೇತಾಡ್ತಿತ್ತು. ಅಮಾವಾಸ್ಯೆ ಅಲ್ವಾ, ತೆಗೆದು ಮೂರು ದಾರಿ ಸೇರೋ ಕಡೆ ಹಾಕ್ಬಂದೆ."

ಎದ್ದೆನೋ ಬಿದ್ದೆನೋ ಎಂದು ಓಡಿದೆ. ಆರ್.ಟಿ. ನಗರದ ಆ ಮೂಲೆಯಲ್ಲಿ ಸೀಮೆಎಣ್ಣೆಯ ಕ್ಯೂ. ಇಡೀ ಕ್ಯೂ ನನ್ನ ಗಿಡದ ಹತ್ತಿರ ಬಂದು, ಅದನ್ನು ದೂರದಿಂದಲೇ ಸುತ್ತುಹಾಕಿ ಮುಂದೆ ಹೋಗಿತ್ತು. ನಾನು ಬಗ್ಗಿದೆ.

"ಅಯ್ಯೋ, ಮುಟ್ಬೇಡ್ರೀ! ಯಾರೋ ದೃಷ್ಟಿ ತೆಗ್ದು ಹಾಕಿದ್ದಾರೆ!" ಡಬ್ಬ ಹಿಡಿದಿದ್ದ ಹೆಂಗಸೊಬ್ಬರು ಕೂಗಿದರು.

"ನಮ್ಮನೇದೇ ಕಣ್ರೀ," ಎಂದೆ. ಎಲ್ಲರೂ ಇನ್ನಷ್ಟು ಹಿಂದೆ ಸರಿದರು.

ಒಂದು ಬೇರೂ ಮುರಿದಿರಲಿಲ್ಲ, ಮೊಗ್ಗೂ ಹಾಗೇ ಇತ್ತು. ಮನೆಗೆ ತಂದು ನೀರು ಚಿಮುಕಿಸಿದ ಮೇಲೆ ಬೂದು ಬೇರುಗಳು ಹಸಿರಾದವು; ನನಗೂ ಉಸಿರು ಬಂತು.

ಬೆಳಗಾಗುವ ಮುಂಚೆಯೇ ಪೂಜೆಗೆಂದು ನಮ್ಮ ಕಾಂಪೌಂಡಿನ ಹೂ ಕಿತ್ತೊಯ್ಯುವವರ ಚಿಂತೆಯೂ ಇನ್ನಿಲ್ಲ. ಸೀತಾಳೆಯ ಕೆಳಗೆ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ ಕಟ್ಟಿದ್ದೇನೆ.